ಕಾಂಪೌಂಡರ್ ಮಗನ ಪಾಠ

ನಮ್ಮಪ್ಪ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಂಪೌಂಡರ್. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಿರಿಯರೊಬ್ಬರ ಪಕ್ಕ ನಿಂತು, ಪಿಂಗಾಣಿ ಕುಟ್ಟಾಣಿ ತೊಳೆಯುತ್ತಲೇ ಕೆಲಸ ಕಲಿತವರು. ರೋಗಿಗಳು ಮನೆಯಿಂದಲೇ ಸೀಸೆ ತರುತ್ತಿದ್ದರು. ಅದಕ್ಕೆ ಮಿಕ್ಸ್ಚರ್ ತುಂಬಿ, ಉದ್ದನೆಯ ಕಾಗದದ ಪಟ್ಟಿಯನ್ನು ಮಡಚಿ, ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ, ಬಿಡಿಸಿ ಸೀಸೆಗೆ ಅಂಟಿಸುವರು. ಕಚ್ಚಿನಿಂದ ಕಚ್ಚಿಗೆ ಒಂದು ಹೊತ್ತಿನ ಮದ್ದು. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ.

ಈ ನಿಂತು ಕಲಿಯುವ ವಿದ್ಯೆ ಸಾಲದು ಎಂಬ ಮಾತು ಅಪ್ಪ ಕೆಲಸಕ್ಕೆ ಸೇರುವ ಮೊದಲೇ ಎದ್ದಿತ್ತು. ಕಲಬೆರಕೆ ಔಷಧಿಗಳ ಹಾವಳಿ ವಿಚಾರಿಸಲು ಕರ್ನಲ್ ಆರ್. ಎನ್. ಚೋಪ್ರಾ ಅವರ ಸಮಿತಿ ನೇಮಕವಾದದ್ದು 1930ರಲ್ಲಿ. ಕಾನೂನೂ ಬೇಕು, ಕಲಿತವರೂ ಬೇಕು ಎಂದಿತು ಅದರ ವರದಿ. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರುಮಾಡಿದರು. 1937ಕ್ಕೆ ಅದು ಬಿ.ಫಾರ್ಮ ಪದವಿಯಾಯಿತು. 1948ರ ಫಾರ್ಮಸಿ ಕಾಯ್ದೆ ಹಳಬರನ್ನು ಕೈಬಿಡಲಿಲ್ಲ. ಐದು ವರ್ಷ ಕಾಂಪೌಂಡಿಂಗ್ ಮಾಡಿದವರಿಗೂ ಮೊದಲ ರಿಜಿಸ್ಟರಿನಲ್ಲಿ ಜಾಗ ಕೊಟ್ಟಿತು. ಅಪ್ಪ ಫಾರ್ಮಸಿಸ್ಟ್ ಆದದ್ದು ಆ ಬಾಗಿಲಿನಿಂದ. ಊರವರ ಬಾಯಲ್ಲಿ ಮಾತ್ರ ಕೊನೆಯವರೆಗೂ ಕಾಂಪೌಂಡರಪ್ಪನೇ.

ಶ್ರಾಫ್ ಹಾಕಿದ ದಾರಿ ರಸಾಯನಶಾಸ್ತ್ರದ್ದು, ಕಾರ್ಖಾನೆಯದ್ದು. ಸ್ವಂತ ಔಷಧಿ ತಯಾರಿಸಬೇಕಾಗಿದ್ದ ದೇಶಕ್ಕೆ ಅದೇ ಸರಿ. ಆದರೆ ಎಪ್ಪತ್ತರ ದಶಕದಲ್ಲಿ ನಾನು ಬಿ.ಫಾರ್ಮ ಓದುವಾಗ ಟೈಟ್ರೇಷನ್ ಮಾಡಿದೆ, ಮಾತ್ರೆ ಒತ್ತಿದೆ, ಹೊಗೆ ಹಿಡಿಸಿದ ಡ್ರಮ್ಮಿನ ಕಾಗದದ ಮೇಲೆ ಕಪ್ಪೆಯ ಹೃದಯ ಬಡಿತ ಬರೆಸಿದೆ. ಕಾಯಿಲೆಯ ಮನುಷ್ಯನೊಬ್ಬನನ್ನೂ ಮಾತಾಡಿಸಲಿಲ್ಲ. ಅಪ್ಪನಿಗೆ ಇದನ್ನು ಹೇಳಿದರೆ ನಗುತ್ತಿದ್ದರು. ಆಮೇಲೆ ಮೇಷ್ಟ್ರಾಗಿ ನಾನೂ ಅದನ್ನೇ ಕಲಿಸಿದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮೈಸೂರು ಮತ್ತು ಊಟಿಯ ಜೆಎಸ್ಎಸ್ ಕಾಲೇಜುಗಳು ಆಸ್ಟ್ರೇಲಿಯಾದ ಪರಿಣತರ ನೆರವಿನಿಂದ ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಪಾಠ ಶುರುಮಾಡಿದಾಗ ತೊಡಕು ಎದುರಾದದ್ದು ಮೇಷ್ಟ್ರುಗಳಿಗೇ. ವಾರ್ಡನ್ನೇ ಕಾಣದವರು ವಾರ್ಡಿನಲ್ಲಿ ಏನು ಕಲಿಸುತ್ತಾರೆ? ತಲೆ ನೆರೆಯುವ ವಯಸ್ಸಿನಲ್ಲಿ ನಾನೂ ಬೇರೊಂದು ಆಸ್ಪತ್ರೆಯಲ್ಲಿ ಡಾಕ್ಟರ ಹಿಂದೆ ರೌಂಡ್ಸ್ ನಡೆದೆ. ಕೇಸ್ ಶೀಟು ಓದುವುದನ್ನು ನನ್ನ ಮಗನ ವಯಸ್ಸಿನ ಹೌಸ್ ಸರ್ಜನ್ ಹೇಳಿಕೊಟ್ಟ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಕೈಚೀಲ ಬಿಚ್ಚಿಸಿದಳು. ಒಳಗೆ ಬೇರೆ ಬೇರೆ ಕಂಪನಿಯ ಎರಡು ಸ್ಟ್ರಿಪ್ಪು. ಹೆಸರು ಬೇರೆ, ಒಳಗಿನ ಬೀಪಿ ಔಷಧಿ ಒಂದೇ. ಅಜ್ಜಿ ಎರಡನ್ನೂ ನುಂಗುತ್ತಿದ್ದರು. "ತಲೆ ಸುತ್ತುತ್ತೆ ಅಂದ್ನಲ್ಲ ಮಗಾ, ಯಾರೂ ಕೇಳ್ಲಿಲ್ಲ" ಅಂದರು. 2008ರಲ್ಲಿ ಬಂದ ಆರು ವರ್ಷದ ಫಾರ್ಮ್.ಡಿ, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್, ಇಂಥ ಕೈಚೀಲಗಳನ್ನು ಬಿಚ್ಚಿಸುವವರಿಗಾಗಿಯೇ.

ಆದರೆ ನಮ್ಮೂರುಗಳ ಮೆಡಿಕಲ್ ಸ್ಟೋರಿನಲ್ಲಿ ಕೂರುವವರು ಹೆಚ್ಚಾಗಿ ಡಿ.ಫಾರ್ಮ ಡಿಪ್ಲೊಮಾದವರು. ಅವರು ಮೂರು ತಿಂಗಳಿಗೆ ಕಡಿಮೆಯಿಲ್ಲದೆ 500 ಗಂಟೆ ತರಬೇತಿ ಪಡೆಯಬೇಕು, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧಿ ಕೊಡಬೇಕು ಎಂದು ನಿಯಮವಿತ್ತು. ಪರಿಚಯದ ಅಂಗಡಿಯ ಸೀಲು ಬಿದ್ದರೆ ಗಂಟೆಗಳು ತಾವೇ ತುಂಬಿಕೊಳ್ಳುತ್ತಿದ್ದವು. ಎಷ್ಟು ಹುಡುಗರು ಅಂಥ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಿದ್ದಾರೋ! ಗಟ್ಟಿ ಮಾಡಲೆಂದು 2022ರಲ್ಲಿ ಎಕ್ಸಿಟ್ ಪರೀಕ್ಷೆಯ ನಿಯಮ ಬಂತು. ಅದೂ ಬಹು ಆಯ್ಕೆಯ ಪ್ರಶ್ನೆಪತ್ರಿಕೆಯೇ. ನನ್ನನ್ನು ಕೇಳಿದ್ದರೆ, ಆ ಅಜ್ಜಿಯಂಥವರೊಬ್ಬರನ್ನು ಎದುರಿಗೆ ಕೂರಿಸಿ ಮಾತಾಡಿಸಲು ಹೇಳಿ, ಅದಕ್ಕೇ ಅರ್ಧ ಅಂಕ ಇಡುತ್ತಿದ್ದೆ.