ಕೈಹಿಡಿದು ಗಾಡಿ ಹತ್ತಿಸುವವರು

ಆಂಬುಲೆನ್ಸ್ ಎಂದೊಡನೆ ನಮಗೆ ಸೈರನ್ನೇ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಸೈರನ್ನಿಲ್ಲದ ಆಂಬುಲೆನ್ಸಿಗೂ ಒಂದು ಇತಿಹಾಸವಿದೆ. ರೋಗಿಗಳನ್ನೂ ಬಸುರಿ ಬಾಣಂತಿಯರನ್ನೂ ಕರೆದೊಯ್ಯುವ ಹೊಣೆಯನ್ನು 1946ರ ಆರೋಗ್ಯ ಸೇವಾ ಕಾಯಿದೆ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. 1974ರಲ್ಲಿ ಈ ಹೊಣೆಯೂ ಅದಕ್ಕೇ ಸೇರಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಅಜ್ಜಿಯನ್ನು ಮೆಟ್ಟಿಲಿಳಿಸಿ, ಗಾಲಿಕುರ್ಚಿಯ ಪಟ್ಟಿ ಬಿಗಿದು, ಮಾತಾಡಿಸುತ್ತ ಕರೆದೊಯ್ಯುವ ಸಹಾಯಕರು ಈ ಪರಂಪರೆಯವರು. ಅವರಿಗೆ ಇದಕ್ಕೆ ಸಂಬಳವಿದೆ. ನಮ್ಮ ಮನೆಗಳಲ್ಲಿ ಇದೇ ಕೆಲಸ ಸೊಸೆಯರ ಪಾಲಿನದು, ಲೆಕ್ಕಕ್ಕೇ ಇಲ್ಲ!

ನಮ್ಮಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಯಿಂದ ಬಾಣಂತಿ ಮತ್ತು ಮಗುವನ್ನು ಉಚಿತವಾಗಿ ಮನೆ ತಲುಪಿಸುವ ಏರ್ಪಾಡು ತಂದಿತು. ನಾನು ಮೆಚ್ಚಿದ ಯೋಜನೆ ಅದು. ಆದರೆ ಡಯಾಲಿಸಿಸ್ ಮುಗಿಸಿ, ತಲೆಸುತ್ತಿನಲ್ಲೇ ಬಸ್ಸಿಗೆ ಕಾಯುವ ಹೆಂಗಸನ್ನು ಕರೆದೊಯ್ಯಲು ಬಹುಪಾಲು ಮಗಳೋ ಸೊಸೆಯೋ ರಜೆ ಹಾಕಿಯೇ ಬರಬೇಕು.