ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿ

ಸ್ನಾತಕೋತ್ತರ ವೈದ್ಯಕೀಯ ಸೀಟಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಹಾಗೂ ಪೋಷಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಪ್ರವೇಶ ಪಡೆದ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಪೂರ್ಣಾವಧಿ ನಿವಾಸಿ ವೈದ್ಯರಾಗಿ ಕರ್ತವ್ಯ ನಿರ್ವಹಿಸತಕ್ಕದ್ದು. ಕಿರಿಯ ನಿವಾಸಿ ವೈದ್ಯರ ಕರ್ತವ್ಯವು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಸತತವಾಗಿ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರವು ದಿನಾಂಕ 5-6-1992ರ ಪತ್ರದಲ್ಲಿ ತಿಳಿಸಿತ್ತು. ಆದರೆ ಅದನ್ನು ಸಡಿಲಿಸುವ ಅಧಿಕಾರವನ್ನು ವೈದ್ಯಕೀಯ ಅಧೀಕ್ಷಕರಿಗೇ ಬಿಟ್ಟಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಲ್ಲಿ ಕರ್ತವ್ಯದ ಅವಧಿ ಹಾಗೂ ವಿಶ್ರಾಂತಿ 'ಸಮಂಜಸ'ವಾಗಿರಬೇಕು ಎಂದಷ್ಟೇ ಇದ್ದು, ಗಂಟೆಗಳನ್ನು ನಮೂದಿಸಿರಲಿಲ್ಲ. ಅಂಕಿ ಇಲ್ಲದ ಕಡೆ 36 ಗಂಟೆಯ ಪಾಳಿಯೂ ಸಮಂಜಸವೆನಿಸಿಕೊಳ್ಳುವುದುಂಟು. ಆಯೋಗದ ಕಾರ್ಯಪಡೆಯು 2024ರಲ್ಲಿ ವಾರಕ್ಕೆ 74 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. 24 ಗಂಟೆ ನಿದ್ರೆಯಿಲ್ಲದವರ ಕಾರ್ಯಕ್ಷಮತೆಯು, ರಕ್ತದಲ್ಲಿ ಸುಮಾರು ಶೇ. 0.10ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದೆ. ಮೋಟಾರು ವಾಹನ ಕಾಯ್ದೆಯಡಿ ಚಾಲಕರಿಗೆ ಇರುವ ಮಿತಿ ಶೇ. 0.03 ಮಾತ್ರ. ವಾಹನ ಮುಟ್ಟಲು ಅನರ್ಹವಾದ ಆ ಸ್ಥಿತಿಯಲ್ಲಿ ರೋಗಿಯ ಔಷಧದ ಪ್ರಮಾಣ ಬರೆಯಬೇಕಾಗುತ್ತದೆ. ದೀರ್ಘ ಪಾಳಿಯ ನಂತರ ಸ್ವತಃ ವಾಹನ ಚಲಾಯಿಸಬಾರದು.

2023ರ ನಿಯಮಾವಳಿಯಂತೆ ವರ್ಷಕ್ಕೆ 20 ದಿನಗಳ ಸಾಂದರ್ಭಿಕ ರಜೆ, 5 ದಿನಗಳ ಶೈಕ್ಷಣಿಕ ರಜೆ ಹಾಗೂ ಕೆಲಸದ ತುರ್ತಿಗೆ ಒಳಪಟ್ಟು ವಾರಕ್ಕೊಂದು ರಜೆ ಲಭ್ಯ.

ಆಪ್ಷನ್ ಎಂಟ್ರಿಗೆ ಮುನ್ನ ಆಯಾ ವಿಭಾಗದ ಪಾಳಿ ಪಟ್ಟಿಯನ್ನು ವಿಚಾರಿಸಿಕೊಳ್ಳುವುದು ಸೂಕ್ತ. ಶುಲ್ಕ, ಶಿಷ್ಯವೇತನಗಳನ್ನು ಕೇಳುವವರು ಇದನ್ನು ಕೇಳುವುದು ವಿರಳ. ವಾರದ ರಜೆ ನಿರಂತರವಾಗಿ ದೊರೆಯದಿದ್ದಲ್ಲಿ, ಪಾಳಿ ಪಟ್ಟಿಯ ಪ್ರತಿಯೊಂದಿಗೆ ವಿಭಾಗದ ಮುಖ್ಯಸ್ಥರಿಗೂ ಕಾಲೇಜಿನ ಡೀನ್ ಅವರಿಗೂ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳುವುದು.