ಕರಡಿಯ ಹಳೆಯ ದಾರಿ

2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿದ್ದಾಗಲೂ ಬ್ಯಾಂಕಿಗೆ ರಜೆ ಇರಲಿಲ್ಲ. ಏಪ್ರಿಲಿನಲ್ಲಿ ಹೆಣ್ಣುಮಕ್ಕಳ ಜನಧನ್ ಖಾತೆಗಳಿಗೆ 500 ರೂಪಾಯಿ ಬಂದಿತ್ತು. ಅದನ್ನು ಬಟವಾಡೆ ಮಾಡಲು ನಾನು ದಿನವೂ ರಾಯದುರ್ಗದ ಖಾಲಿ ಬೀದಿಗಳಲ್ಲಿ ನಡೆದು ಹೋಗುತ್ತಿದ್ದೆ. ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು ನಿಂತುಹೋಗಿತ್ತು. ಒಂದು ಮುಂಜಾನೆ ಬೆಟ್ಟದ ಕೆಳಗಿನ ಓಣಿಯಲ್ಲಿ ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಸಾವಕಾಶವಾಗಿ ಹಾದುಹೋಯಿತು. ಹಾಲಿಗೆ ಬಂದಿದ್ದ ಹಿರಿಯರೊಬ್ಬರು, "ಹೆದರಬ್ಯಾಡ್ರಿ, ಅದು ತನ್ನ ಹಳೇ ದಾರಿ ಹಿಡದೈತಿ" ಎಂದರು.

ಈ ಮಾತಿನಲ್ಲಿ ಚರಿತ್ರೆಯಿದೆ. ವಿಜಯನಗರದ ಕಾಲದಿಂದ ಕೋಟೆಯಾಗಿದ್ದ ಈ ಬೆಟ್ಟವನ್ನು ಬೇಡ ಪಾಳೆಗಾರರು ಆಳಿದರು, ಬಳಿಕ ಟಿಪ್ಪು ಗೆದ್ದುಕೊಂಡನು. ಪಹರೆ ಹೋದ ಮೇಲೆ ಬಂಡೆಗವಿಗಳು ಕರಡಿಗಳ ಪಾಲಾದವು. ಗೆದ್ದಲು, ಜೇನು, ಎಲಚಿ, ಸೀತಾಫಲ ಅದರ ಆಹಾರ. ಹೊಲಗಳು ಬೆಟ್ಟದ ಬುಡಕ್ಕೆ ಬಂದಂತೆ ಕಡಲೆಕಾಯಿಯ ರುಚಿಯೂ ಹತ್ತಿತು. ಬೇಸಿಗೆಯಲ್ಲಿ ನೀರಿಗಾಗಿ ಇಳಿಯಲೇಬೇಕು. ಮಡಕಶಿರಾದ ಕಡೆಯೂ ಇದೇ ಕಥೆ. ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ನಮ್ಮ ಗುಡ್ಡಗಳ ಕರಡಿಗಳಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಕಾಡುಪ್ರಾಣಿಗಳು "ಮರಳಿ ಬಂದವು" ಎನ್ನುವುದು ಪೂರ್ತಿ ಸರಿಯಲ್ಲ. ಅವು ಇಲ್ಲಿಯೇ ಇದ್ದವು. ರಾತ್ರಿ ಕದ್ದು ನಡೆಯುತ್ತಿದ್ದುದು ಹಗಲಿಗೆ ಬಂತು, ಅಷ್ಟೇ.

ಆ ದಿನಗಳ ಸುದ್ದಿಗಳನ್ನೂ ಜರಡಿ ಹಿಡಿಯಬೇಕು. ವೇಲ್ಸಿನ ಲಾಂಡುಡ್ನೊ ಪಟ್ಟಣಕ್ಕೆ ಗುಡ್ಡದ ಆಡುಗಳು ಇಳಿದದ್ದು ನಿಜ. ವೆನಿಸಿನ ಕಾಲುವೆಗೆ ಡಾಲ್ಫಿನ್ ಬಂದದ್ದು ಸುಳ್ಳು. ಆ ಚಿತ್ರ ಸಾರ್ಡೀನಿಯಾದ್ದು. ಕೋಳಿಕ್ಕೋಡು ಜಿಲ್ಲೆಯ ಮೇಪ್ಪಯ್ಯೂರಿನಲ್ಲಿ ರಸ್ತೆಯ ಪಟ್ಟೆಗಳ ಮೇಲೆ ನಡೆದ ಪುನುಗು ಬೆಕ್ಕನ್ನು, ನಿಮ್ಮ ಮಲಯಾಳದ "ವೆರುಕ"ನ್ನು, ಅಳಿವಿನಂಚಿನ ಮಲಬಾರ್ ಜಾತಿಯದೆಂದು ಕೊಂಡಾಡಿದರು. ತಿಳಿದವರು ನೋಡಿ, ಇದು ಸಾಮಾನ್ಯವಾದ ಸಣ್ಣ ಪುನುಗು ಎಂದರು.

ನನ್ನ ಹುಟ್ಟೂರು ಮಡಕಶಿರಾ. ಅದರ ಮೂರು ಕಡೆ ಕರ್ನಾಟಕ. ಪಕ್ಕದ ಪಾವಗಡವನ್ನು ಆಂಧ್ರ ಸುತ್ತಿಕೊಂಡಿದೆ. ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಈ ಗೆರೆಗಳು ಕಾಗದದ ಮೇಲಿವೆ, ನಂಟಸ್ತಿಕೆಗೆ ಅಡ್ಡಿಯಿಲ್ಲ ಎಂದು ನಂಬಿದ್ದೆವು. ಆ ಮೇ ತಿಂಗಳಲ್ಲಿ ಪಾವಗಡದಲ್ಲಿ ನನ್ನ ಚಿಕ್ಕಮ್ಮ ತೀರಿಕೊಂಡರು. ಬೈಕಿನಲ್ಲಿ ಹೊರಟ ಅಣ್ಣನನ್ನೂ ನನ್ನನ್ನೂ ಗಡಿಯಲ್ಲಿ ತಡೆದು ಹಿಂದಕ್ಕೆ ಕಳಿಸಿದರು. ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ರೋಗಿಗಳು ಮಂಗಳೂರು ಮುಟ್ಟಲಾಗದೆ ಹೋದುದನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಕೃಷ್ಣಮೃಗಗಳು ಆಗಲೂ ಎರಡು ರಾಜ್ಯಗಳ ಹೊಲಗಳಲ್ಲಿ ಮೇಯುತ್ತಿದ್ದವು. ನಾವು ಚಿಕ್ಕಮ್ಮನ ಮನೆಗೆ ಹೋದದ್ದು ದಾರಿ ತೆರೆದ ಮೇಲೆ, ತಿಥಿಯೆಲ್ಲ ಮುಗಿದ ಮೇಲೆ.